ಹೆಜ್ಜೆಗಲ್ಲು ಹೊತ್ತವರು

ಕಲ್ಲು ಇರಬೇಕಾದ ಜಾಗದಲ್ಲಿ ಗುಂಡಿ ಇತ್ತು. ಅದನ್ನು ಮೊದಲು ಕಂಡವಳು ನಾನು. ಕಂಡೆ ಅನ್ನುವುದೂ ತಪ್ಪು, ಅದರೊಳಗೆ ಬಿದ್ದೆ. ಗುಡ್ಡದ ಹೆಗಲಿಗೆ ಹತ್ತಿದ ಮೇಲೆ ಹೆಜ್ಜೆಗಲ್ಲಿನ ಮೇಲೆ ಬಲಗಾಲು ಊರಿ ಮುಂದಕ್ಕೆ ಓಡುವುದು ನಮ್ಮ ಗುಂಪಿನ ರೂಢಿ. ಆ ಭಾನುವಾರ ದಟ್ಟ ಮಂಜು. ಎಲ್ಲರಿಗಿಂತ ಮುಂದಿದ್ದ ನಾನು ನೋಡದೆ ಕಾಲು ಊರಿದೆ, ಮುಗ್ಗರಿಸಿ ಹುಲ್ಲಿನ ಮೇಲೆ ಬೋರಲಾದೆ.

ಹೆಜ್ಜೆಗಲ್ಲು ಅಂದರೆ ಒಂದು ಗೇಣು ದಪ್ಪದ ಚಪ್ಪಡಿ. ಅದರ ಮೇಲೆ ಎರಡು ಪಾದ, ಪಾದದ ಕೆಳಗೆ ಒಂದು ಸಾಲು: 'ನಡೆಯುವವರಿಗೆ ತಡೆಯಿಲ್ಲ'. ಯಾವ ಕಾಲದ್ದೋ, ಯಾರು ಕೊರೆಸಿದ್ದೋ ಗೊತ್ತಿಲ್ಲ. ಆದರೆ ಮುರಿದ ಕಮಾನಿನ ಸೇತುವೆ, ಹೊಳೆಯ ಪಕ್ಕದ ಹಾಳು ಗಿರಣಿ, ಕುರಿದೊಡ್ಡಿ, ಕಾವಲು ಗೋಪುರ ಇಷ್ಟನ್ನೂ ಹೊಲಿದ ಹಾಗೆ ಹೋಗುವ ಆ ದಾರಿ ಎಲ್ಲರದ್ದು ಎಂದು ಹೇಳಲು ನಮಗಿದ್ದದ್ದು ಅದೊಂದೇ ಸಾಕ್ಷಿ.

ಸಾಕ್ಷಿ ಬೇಕಾಗಿತ್ತು. ಗುಡ್ಡದ ಸುತ್ತಲಿನ ಜಮೀನನ್ನೆಲ್ಲ ಕೊಂಡ ಹೊಸ ಧಣಿ ಅಲ್ಲಿ ಶ್ರೀಮಂತ ಅತಿಥಿಗಳಿಗೆ ವಸತಿ ಕಟ್ಟಿಸುತ್ತಿದ್ದ. ದಾರಿಯೂ ತನ್ನದೇ ಎಂದು ಸೇತುವೆಯ ಬಾಯಿಗೆ ಕಬ್ಬಿಣದ ಗೇಟು ನಿಲ್ಲಿಸಿದ್ದ. ನಾವು ತಕರಾರು ಹೂಡಿದ್ದೆವು. ಅದೇ ಮಧ್ಯಾಹ್ನ ಸರ್ವೆ ಅಧಿಕಾರಿ ಕಲ್ಲು ನೋಡಲು ಬರುವವರಿದ್ದರು. ಕಲ್ಲಿದ್ದರೆ ದಾರಿ ಉಳಿಯುತ್ತದೆ, ಇಲ್ಲದಿದ್ದರೆ ಗೇಟಿಗೆ ಬೀಗ. ಅಷ್ಟೇ ವಿಷಯ.

ನಾನು ಎದ್ದು ನಿಂತು ಸುತ್ತ ನೋಡಿದೆ. ಹಾರೆಯಿಂದ ಮೀಟಿದ ಗುರುತು ಹಸಿಯಾಗಿತ್ತು. ಹುಲ್ಲನ್ನು ಯಾರೋ ತುಳಿದಿದ್ದರು. ಆದರೆ ಕಲ್ಲನ್ನು ಎಳೆದ ಗೆರೆ ಎಲ್ಲೂ ಇರಲಿಲ್ಲ, ಉರುಳಿಸಿದ ಗುರುತೂ ಇರಲಿಲ್ಲ. ಹಿಂದಿನಿಂದ ಉಳಿದವರು ಒಬ್ಬೊಬ್ಬರಾಗಿ ಹತ್ತಿ ಬಂದು ಬಾಯಿಗೆ ಕೈಯಿಟ್ಟು ನಿಂತರು. ಯಾರೋ ಅತ್ತರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಇನ್ಸ್‌ಪೆಕ್ಟರ್ ಬಂದರು. ಜೊತೆಗೆ ಧಣಿಯ ಎಸ್ಟೇಟಿನ ಮ್ಯಾನೇಜರೂ ಬಂದ, ಕರೆಯದೆಯೇ.

"ನಾನು ಮೊದಲಿಂದ್ಲೂ ಹೇಳ್ತಾ ಇದ್ದೆ ಸಾರ್," ಎಂದ ಮ್ಯಾನೇಜರ್. "ಆ ಕಲ್ಲೇ ಸುಳ್ಳು. ಮೇಷ್ಟ್ರು ತಾವೇ ಕೊರೆಸಿ ಹೂತಿಟ್ಟಿದ್ದು. ಇವತ್ತು ತಿಳಿದೋರು ಬಂದು ನೋಡಿದ್ರೆ ಬಣ್ಣ ಬಯಲಾಗುತ್ತೆ ಅಂತ ತಾವೇ ಕಿತ್ತು ಬಚ್ಚಿಟ್ಟಿದಾರೆ."

ಮೇಷ್ಟ್ರು ಅಂದರೆ ನಮ್ಮ ಗುಂಪು ಕಟ್ಟಿದವರು. ಚರಿತ್ರೆ ಪಾಠ ಹೇಳಿ ನಿವೃತ್ತರಾದ ಮೇಲೆ ಈ ಹಾಳುಗಳ ನಡುವೆ ಓಟದ ದಾರಿಗಳನ್ನು ಹುಡುಕಿ ಕೊಟ್ಟವರು. ಪ್ರತಿ ಭಾನುವಾರ ನಸುಕಿನಲ್ಲೇ ಒಬ್ಬರೇ ಮುಂದೆ ಹೋಗಿ, ತಿರುವುಗಳಲ್ಲಿ ಸುಣ್ಣದ ಪುಡಿಯಿಂದ ಬಾಣ ಬರೆದು, ಗೋಪುರದ ಬುಡದಲ್ಲಿ ನಮಗಾಗಿ ಕಾಯುತ್ತಿದ್ದರು. ಅವತ್ತೂ ಹಾಗೇ ಮಾಡಿದ್ದರು.

"ನಾನು ಬಂದಾಗ ಕಲ್ಲು ಇತ್ತಪ್ಪ. ಕಾಲೂರಿ ಹೋದೆ," ಎಂದರು ಮೇಷ್ಟ್ರು.

"ನೋಡಿದೋರು ಯಾರಾದ್ರೂ ಇದಾರಾ ಮೇಷ್ಟ್ರೇ?" ಇನ್ಸ್‌ಪೆಕ್ಟರ್ ಒಂದು ಕಾಲದಲ್ಲಿ ಅವರ ಶಿಷ್ಯ. ದನಿಯಲ್ಲಿ ಸಂಕೋಚವಿತ್ತು.

ನೋಡಿದವಳು ಒಬ್ಬಳೇ, ಕುರಿ ಅಜ್ಜಿ. ಅವಳ ದೊಡ್ಡಿ ಕಲ್ಲಿನಿಂದ ಕೂಗಳತೆ ದೂರ. ಅಜ್ಜಿ ಕೋಲೂರಿಕೊಂಡು ಬಂದು ಇನ್ಸ್‌ಪೆಕ್ಟರನ್ನು ಮೇಲಿಂದ ಕೆಳಗೆ ನೋಡಿದಳು.

"ಏನೋ ಟೋಪಿ, ನನ್ನ ಕುರಿ ಯಾಕೋ ಬೆದರಿಸ್ತೀಯ?"

"ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಜ್ಜಿ."

"ದೇವರಿಗೇ ಬಾರೋ ಅಂತೀನಿ. ನಿನಗೆ ಬನ್ನಿ ಅನ್ಬೇಕಾ?"

ಎಲ್ಲರೂ ನಕ್ಕೆವು. ಇನ್ಸ್‌ಪೆಕ್ಟರೂ ನಕ್ಕು, "ಆಯ್ತು ಬಿಡು. ಬೆಳಿಗ್ಗೆ ಏನು ನೋಡಿದೆ, ಅದು ಹೇಳು," ಎಂದರು.

"ಮಂಜಲ್ಲಿ ಮುಖ ಎಲ್ಲಿ ಕಾಣುತ್ತೋ? ಹಳದಿ ಅಂಗಿ ಕಾಣ್ತು. ಓಡೋರು. ಬಂದ್ರು, ಕಲ್ಲೆಬ್ಬಿಸಿದ್ರು, ಹೊತ್ಕೊಂಡು ಹೋದ್ರು. ಏನೋ ನಿಮ್ಮದೇ ಕೆಲಸ ಅಂತ ನಾನು ಸುಮ್ಮನಾದೆ."

ಹಳದಿ ಅಂಗಿ ನಮ್ಮ ಗುಂಪಿನ ಅಂಗಿ. ಓಡಲು ಬಂದ ಉಳಿದವರೆಲ್ಲ ಶಾಲೆಯ ಮೈದಾನದಿಂದ ಒಟ್ಟಿಗೇ ಹೊರಟಿದ್ದೆವು. ಇನ್ಸ್‌ಪೆಕ್ಟರ್ ಮೇಷ್ಟ್ರ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ನಾನೂ ತಿರುಗಿದೆ, ಸುಳ್ಳು ಯಾಕೆ.

ಅಜ್ಜಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ನನ್ನ ರಟ್ಟೆ ಹಿಡಿದು, "ಏ ಸೂಜಿ, ನಿನ್ನ ಸುಣ್ಣದ ಮೇಷ್ಟ್ರಿಗೆ ಹೇಳು. ದಾರಿ ತುಂಬ ಸುಣ್ಣ ಚೆಲ್ತಾನೆ ಅವನು. ನನ್ನ ಮರಿ ನೆಕ್ಕಿ ಬಾಯಿ ಸುಟ್ಕೊಂಡಿದೆ," ಎಂದು ಬೈದು, ತಪ್ಪಿಸಿಕೊಂಡ ಮರಿಯ ಹಿಂದೆ ಹೋದಳು. ನಾನು ಆಸ್ಪತ್ರೆಯಲ್ಲಿ ನರ್ಸ್. ಒಮ್ಮೆ ಅವಳಿಗೆ ಇಂಜೆಕ್ಷನ್ ಕೊಟ್ಟ ತಪ್ಪಿಗೆ ಆ ಹೆಸರು.

ಇನ್ಸ್‌ಪೆಕ್ಟರ್ ಎಲ್ಲರನ್ನೂ ಗಿರಣಿಯ ಹತ್ತಿರ ಇಳಿಸಿದರು. ಓಟಗಾರರಿಗೆ ನೀರಿಡುವ ಜಾಗ ಅದು. ಅದರ ಉಸ್ತುವಾರಿ ನಮ್ಮ ಗುಂಪಿನ ಕಾರ್ಯದರ್ಶಿಗಳದ್ದು. ಅವರ ಜೊತೆಗೆ ಅವರ ಹೆಂಡತಿಯ ತಮ್ಮ, ಫೋಟೋ ಸ್ಟುಡಿಯೋದವರು. ಗುಂಪಿನ ಅಂಗಿ ತೊಟ್ಟ ಇಬ್ಬರೂ ನಸುಕಿನಲ್ಲೇ ಜೀಪಿನಲ್ಲಿ ಬಂದು ಸೇತುವೆಯ ಆಚೆ ಜೀಪು ನಿಲ್ಲಿಸಿ, ನೀರಿನ ಡ್ರಮ್ಮು ಹೊತ್ತು ತಂದಿದ್ದರಂತೆ.

"ಮೇಷ್ಟ್ರು ನಮ್ಮ ಮುಂದೇನೇ ಸುಣ್ಣದ ಚೀಲ ಹಿಡ್ಕೊಂಡು ಗುಡ್ಡ ಹತ್ತಿದ್ರು," ಎಂದರು ಕಾರ್ಯದರ್ಶಿಗಳು. "ಆಮೇಲೆ ನಾವಿಬ್ರೂ ಇಲ್ಲಿಂದ ಕದಲ್ಲಿಲ್ಲ. ಅಲ್ವೇನೋ?"

"ಒಂದು ಹೆಜ್ಜೆನೂ ಇಲ್ಲ ಭಾವ," ಎಂದರು ಸ್ಟುಡಿಯೋದವರು.

ಮೇಷ್ಟ್ರು ಗಿರಣಿಯ ಮೆಟ್ಟಿಲ ಮೇಲೆ ಕೂತು ಬೂಟಿನ ಕೆಸರು ಕೆರೆಯುತ್ತಿದ್ದರು. ಇನ್ಸ್‌ಪೆಕ್ಟರ್ ಮೆಲ್ಲಗೆ, "ಅಧಿಕಾರಿ ಬರೋದ್ರೊಳಗೆ ಕಲ್ಲೆಲ್ಲಿ ಅಂತ ಹೇಳಿಬಿಡಿ ಮೇಷ್ಟ್ರೇ. ಇಲ್ದಿದ್ರೆ ನಿಮ್ಮನ್ನ ಠಾಣೆಗೆ ಕರ್ಕೊಂಡು ಹೋಗ್ಬೇಕಾಗುತ್ತೆ," ಎಂದರು.

"ಕರ್ಕೊಂಡು ಹೋಗಪ್ಪ. ನಡೆದೇ ಬರ್ತೀನಿ. ಇದೇ ದಾರೀಲಿ."

ನನಗೆ ಗಂಟಲು ಒಣಗಿತ್ತು. ಡ್ರಮ್ಮಿನ ಹತ್ತಿರ ಹೋಗಿ ನಿಂತಲ್ಲೇ ಲೋಟ ತುಂಬಿ ಕುಡಿದೆ. ಕೆಸರಾದ ಕಾಲು ತೊಳೆಯಲು ಡ್ರಮ್ಮು ವಾಲಿಸಲು ಹೋದರೆ ಕಾರ್ಯದರ್ಶಿಗಳು ಓಡಿ ಬಂದರು.

"ಬೇಡಮ್ಮ, ಬೇಡ! ಬ್ಯಾನರ್ ಒದ್ದೆಯಾಗುತ್ತೆ. ಅಧಿಕಾರಿಗಳು ಬರೋ ದಿನ, ಚೆನ್ನಾಗಿ ಕಾಣ್ಲಿ. ಸಂಜೆ ನಾವೇ ಎಲ್ಲ ಬಿಚ್ಚಿ ಜೀಪಿಗೆ ಹಾಕ್ತೀವಿ."

ಡ್ರಮ್ಮಿನ ಬುಡಕ್ಕೆ ನಮ್ಮ ಗುಂಪಿನ ಬ್ಯಾನರ್ ಸುತ್ತಿದ್ದರು. ನಾನು ಹೊಳೆಯಲ್ಲಿ ಕಾಲು ತೊಳೆದು, ಯಾರದೋ ಸ್ಕೂಟರ್ ಇಸಕೊಂಡು ಸೀಟಿ ಮೇಡಂ ಮನೆಗೆ ಹೊರಟೆ.

ಸೀಟಿ ಮೇಡಂ ನನ್ನ ಮನೆಯೊಡತಿ. ನನಗೆ ಓಡಲು ಕಲಿಸಿದವರೂ ಅವರೇ. ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಮಂಡಿ ಕೈಕೊಟ್ಟ ಮೇಲೆ ಮೈದಾನ ಬಿಟ್ಟರು, ಸೀಟಿ ಬಿಡಲಿಲ್ಲ. ಊರಿನಲ್ಲಿ ಏನು ಕಳುವಾದರೂ, ಯಾರು ಕಾಣೆಯಾದರೂ ಜನ ಠಾಣೆಗೆ ಹೋಗುವ ಮೊದಲು ಅವರ ಬಾಗಿಲಿಗೆ ಬರುತ್ತಾರೆ. ಓಡಾಟ ನನ್ನದು, ಯೋಚನೆ ಅವರದು. ಅವರು ಒಂದು ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಯಾರದೋ ಬೂಟಿಗೆ ಲೇಸು ಪೋಣಿಸುತ್ತಿದ್ದರು.

"ಮೊದಲು ಉಸಿರು ಬಿಡು. ಆಮೇಲೆ ಹೇಳು."

ಹೇಳಿದೆ. ಗುಂಡಿ, ಮ್ಯಾನೇಜರ್, ಮೇಷ್ಟ್ರು, ಗಿರಣಿಯ ಹತ್ತಿರ ಕಾರ್ಯದರ್ಶಿಗಳು ಅಂದದ್ದು. "ಕುರಿ ಅಜ್ಜಿ ನೋಡಿದಾಳಂತೆ ಮೇಡಂ. ಮೇಷ್ಟ್ರು ಬಂದು ಕಲ್ಲು ಕಿತ್ಕೊಂಡು ಹೋದ್ರಂತೆ."

ಮೇಡಂ ಲೇಸು ಕೆಳಗಿಟ್ಟರು. "ಅವಳು ಮೇಷ್ಟ್ರು ಅಂದಳಾ?"

"ಇಲ್ಲ... ಓಡೋರು ಅಂದಳು."

"ನಿನ್ನ ಮಾತು ಬೇಡ ನನಗೆ. ಅವಳ ಮಾತು ಹೇಳು. ಅವಳು ಬಾಯಿಬಿಟ್ಟಲ್ಲಿಂದ, ಬೈಗುಳನೂ ಸೇರಿಸಿ."

ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುವುದನ್ನು ಅವರೇ ನನಗೆ ರೂಢಿ ಮಾಡಿಸಿದ್ದು. ಟೋಪಿಯಿಂದ ಹಿಡಿದು ಸುಣ್ಣ ನೆಕ್ಕಿದ ಮರಿಯವರೆಗೆ ಒಂದಕ್ಷರ ಬಿಡದೆ ಒಪ್ಪಿಸಿದೆ. ಮೇಡಂ ಒಮ್ಮೆ ಮೂಗಿನಲ್ಲೇ ನಕ್ಕರು.

"ಕಲ್ಲು ಎಳೆದ ಗುರುತು?"

"ಇಲ್ಲ. ಹೊತ್ತದ್ದೇ ಸೈ."

"ಗೇಣು ದಪ್ಪದ ಚಪ್ಪಡಿ, ಮಂಜಿನಲ್ಲಿ, ಇಳಿಜಾರಿನಲ್ಲಿ. ಸರಿ. ಇವತ್ತಿನ ಓಟ ಹೇಗಿತ್ತು? ಮಾಮೂಲಿಗಿಂತ ಬೇರೆ ಏನಿತ್ತು?"

"ಗುಂಡಿ ಬಿಟ್ಟರೆ ಏನೂ ಇಲ್ಲ. ಚೆನ್ನಾಗೇ ಹೋಗ್ತಾ ಇತ್ತು. ಗಿರಣಿ ಹತ್ರ ನೀರಿಗೂ ನಿಲ್ಲಲಿಲ್ಲ. ಓಡ್ತಾ ಓಡ್ತಾನೇ ಡ್ರಮ್ಮಿನ ನಲ್ಲಿಗೆ ಲೋಟ ಹಿಡಿದು ಹೋದೆ."

ಮೇಡಂ ಕಾಲನ್ನು ಸ್ಟೂಲಿನಿಂದ ಇಳಿಸಿದರು. ಮೊಳೆಗೆ ನೇತುಹಾಕಿದ್ದ ಸೀಟಿಯನ್ನು ಕೊರಳಿಗೆ ಹಾಕಿಕೊಂಡರು.

"ನಡಿ, ಸ್ಕೂಟರ್ ತೆಗಿ. ಗಿರಣಿಗೆ."

"ಮಂಡಿ ಮೇಡಂ?"

"ಮಂಡಿ ಬೇಕಿದ್ರೆ ಮನೇಲಿರ್ಲಿ. ನಾನು ಬರ್ತೀನಿ."

ನಾವು ಗಿರಣಿ ಮುಟ್ಟಿದಾಗ ಸರ್ವೆ ಅಧಿಕಾರಿ ಆಗಲೇ ಬಂದಿದ್ದರು. ಮ್ಯಾನೇಜರ್ ಅವರ ಪಕ್ಕದಲ್ಲಿ ದೊಡ್ಡ ಬೀಗವೊಂದನ್ನು ಹಿಡಿದು ನಿಂತಿದ್ದ. ಕುರಿ ಅಜ್ಜಿ ಮಂದೆಗೆ ನೀರು ಕುಡಿಸಲು ಹೊಳೆಗೆ ಇಳಿದಿದ್ದಳು. ಮೇಡಂ ಕುಂಟುತ್ತ ಬಂದು, ಸೀಟಿ ಊದಿದರು. ದೊಡ್ಡವರೆಲ್ಲ ಶಾಲೆಯ ಮಕ್ಕಳ ಹಾಗೆ ಸುತ್ತ ನೆರೆದರು. ಇನ್ಸ್‌ಪೆಕ್ಟರಂತೂ ನೆಟ್ಟಗೆ ನಿಂತೇಬಿಟ್ಟರು.

"ಮೇಷ್ಟ್ರು ಕಲ್ಲು ತೆಗೆದರು ಅಂತ ನಿಮಗೆ ಹೇಳಿದ್ದು ಯಾರಪ್ಪ?" ಎಂದು ಕೇಳಿದರು ಮೇಡಂ.

"ಅಜ್ಜಿನೇ ಮೇಡಂ. ಬಂದ್ರು, ಹೊತ್ಕೊಂಡು ಹೋದ್ರು ಅಂದಳು. ಆ ಹೊತ್ತಲ್ಲಿ ಗುಡ್ಡದ ಮೇಲೆ ಇದ್ದೋರು ಮೇಷ್ಟ್ರೊಬ್ಬರೇ."

"ನೀವು ಮೇಷ್ಟ್ರ ಶಿಷ್ಯ. ನಿಮ್ಮ ಬಾಯಲ್ಲಿ ಮೇಷ್ಟ್ರು ಯಾವಾಗಲೂ ಬಂದರು, ಹೋದರು. ಅದಕ್ಕೇ ಅವಳ ಬಾಯಲ್ಲೂ ಹಾಗೇ ಕೇಳಿಸ್ತು. ಈ ಅಜ್ಜಿ ನಿಮಗೆ ಏನಂತಾಳೆ?"

ಇನ್ಸ್‌ಪೆಕ್ಟರ್ ಕೆಮ್ಮಿದರು. "ಟೋಪಿ ಅಂತಾಳೆ."

"ನನ್ನನ್ನ ಕುಂಟಿ ಅಂತಾಳೆ. ದೇವರಿಗೆ ಬಾರೋ ಅಂತಾಳೆ. ಮೇಷ್ಟ್ರಿಗೆ? ಇವತ್ತು ಬೆಳಿಗ್ಗೆನೇ ನಮ್ಮ ಹುಡುಗಿ ಹತ್ರ ಏನಂದಳು? ಸುಣ್ಣ ಚೆಲ್ತಾನೆ ಅವನು ಅಂದಳು. ಚೆಲ್ತಾರೆ ಅನ್ನಲಿಲ್ಲ. ಇವಳು ಹುಟ್ಟಿದ ಮೇಲೆ ಯಾರಿಗಾದರೂ ಬಹುವಚನ ಕೊಟ್ಟದ್ದನ್ನ ಕೇಳಿದೋರು ಇದ್ದರೆ ಕೈ ಎತ್ತಿ."

ಯಾರೂ ಎತ್ತಲಿಲ್ಲ. ಮೇಡಂ ಹೊಳೆಯ ಕಡೆ ತಿರುಗಿ ಕೂಗಿದರು. "ಅಜ್ಜೀ, ಕಲ್ಲು ಹೊತ್ತದ್ದು ಎಷ್ಟು ಜನ?"

"ಇಬ್ಬರು!" ಅಜ್ಜಿ ಅಲ್ಲಿಂದಲೇ ಕೂಗಿದಳು. "ಬೆಳಿಗ್ಗೆನೇ ಹೇಳಿದ್ನಲ್ಲ ಆ ಟೋಪಿಗೆ!"

"ಯಾವಾಗ ಹೇಳ್ದೆ ಅಜ್ಜಿ?" ಇನ್ಸ್‌ಪೆಕ್ಟರ್ ದನಿ ಏರಿತು. "ಬಂದ್ರು ಅಂದೆ, ಅಷ್ಟೆ!"

"ಹೂಂ, ಬಂದ್ರು. ಒಬ್ಬನಾದ್ರೆ ಬಂದ ಅಂತೀನಿ. ಇಬ್ಬರಾದ್ರೆ ಬಂದ್ರು ಅಂತೀನಿ. ಇನ್ನೇನು, ಹಾಡಿ ಹೇಳ್ಬೇಕಿತ್ತಾ?"

ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ಬೂಟು ಕೆರೆಯುವುದನ್ನು ನಿಲ್ಲಿಸಿದರು.

"ಇಬ್ಬರು. ಹಳದಿ ಅಂಗಿ," ಎಂದರು ಮೇಡಂ. "ನಸುಕಲ್ಲಿ ಮೈದಾನದಿಂದ ಆಚೆ ಇದ್ದ ಹಳದಿ ಅಂಗಿ ಮೂರೇ. ಮೇಷ್ಟ್ರದು, ಕಾರ್ಯದರ್ಶಿಗಳದು, ಅವರ ಭಾವಮೈದುನನದು. ಮೇಷ್ಟ್ರ ಜೊತೆ ಈ ಇಬ್ಬರಲ್ಲಿ ಒಬ್ಬ ಹೋಗಿದ್ದ ಅನ್ನೋಣ ಅಂದ್ರೆ, ಇವರು ಒಬ್ಬರನ್ನೊಬ್ಬರು ಬಿಟ್ಟು ಕದಲಿಲ್ಲ ಅಂತ ಇವರೇ ಹೇಳಿದಾರೆ. ಆ ಮಾತು ಮಾತ್ರ ನಿಜ. ಮೇಷ್ಟ್ರು ಬಾಣ ಬರೆದು ಗೋಪುರದ ಕಡೆ ದಾಟಿದ ಮೇಲೆ ಇಬ್ಬರೂ ಒಟ್ಟಿಗೇ ಹತ್ತಿದರು, ಒಟ್ಟಿಗೇ ಇಳಿದರು."

"ಇದೇನು ಮೇಡಂ!" ಕಾರ್ಯದರ್ಶಿಗಳು ನಕ್ಕರು. ಬಾಯಿ ನಕ್ಕಿತು, ಮುಖ ನಗಲಿಲ್ಲ. "ಕುರಿ ಕಾಯೋ ಮುದುಕಿ ವ್ಯಾಕರಣ ನಂಬಿಕೊಂಡು ನಮ್ಮ ಮೇಲೆ ಕಳ್ಳತನ ಹೊರಿಸ್ತೀರಾ? ಹಳದಿ ಅಂಗಿ ಯಾರು ಬೇಕಾದ್ರೂ ಹಾಕ್ಕೋಬಹುದು. ನಾವೇ ಹೊತ್ತಿದ್ರೆ ಕಲ್ಲೆಲ್ಲಿ? ಜೀಪು ಹುಡುಕ್ಲಿ ಬೇಕಾದ್ರೆ."

"ಜೀಪು ಸೇತುವೆ ಆಚೆ ಇದೆ. ಅಲ್ಲಿಗೆ ಹೊತ್ತು ಮುಟ್ಟಿಸೋದ್ರೊಳಗೆ ಓಟಗಾರರು ಎದುರಾಗಿಬಿಡ್ತಿದ್ದರು. ಕಲ್ಲು ಇಳಿಸಲೇಬೇಕಿತ್ತು, ಇಲ್ಲೇ, ಎಲ್ಲರ ಕಣ್ಣ ಮುಂದೆ." ಮೇಡಂ ನನ್ನ ಕಡೆ ನೋಡಿದರು. "ಏ, ನೀರು ಕುಡಿ."

"ಮೇಡಂ?"

"ಕುಡಿಯೇ. ಬೆಳಿಗ್ಗೆ ಕುಡಿದ ಹಾಗೆ."

ಹೋಗಿ ನಲ್ಲಿಗೆ ಲೋಟ ಹಿಡಿದೆ. ಆಗ ನನ್ನ ಬೆನ್ನಿಗೇ ಅರ್ಥವಾಯಿತು, ತಲೆಗೆ ಆಮೇಲೆ. ಪ್ರತಿ ಭಾನುವಾರ ಆ ಡ್ರಮ್ಮು ಎರಡು ಇಟ್ಟಿಗೆಯ ಮೇಲೆ ಕೂತಿರುತ್ತದೆ. ನೀರಿಗಾಗಿ ನಿಂತು, ಸೊಂಟ ಬಗ್ಗಿಸಿ, ಆ ಇಟ್ಟಿಗೆಗೆ ಶಾಪ ಹಾಕದ ಓಟಗಾರನಿಲ್ಲ. ಅವತ್ತು ಯಾರೂ ಬಗ್ಗಿರಲಿಲ್ಲ, ಯಾರೂ ಶಾಪ ಹಾಕಿರಲಿಲ್ಲ.

"ಒಂದು ಗೇಣು ಎತ್ತರ ಜಾಸ್ತಿ," ಎಂದೆ.

ಇನ್ಸ್‌ಪೆಕ್ಟರ್ ಬ್ಯಾನರಿಗೆ ಕೈ ಹಾಕಿದರು. ಸ್ಟುಡಿಯೋದವನು, "ಭಾವ, ನಾನು ಬೇಡ ಅಂದಿದ್ದೆ!" ಎಂದು ಕಿರುಚಿದ. ನಾಲ್ಕು ಜನ ಸೇರಿ ಡ್ರಮ್ಮು ಸರಿಸಿದರು. ಬ್ಯಾನರಿನ ಕೆಳಗೆ, ಇಟ್ಟಿಗೆಗಳ ಮೇಲೆ, ಪಾದಗಳು ನೆಲಕ್ಕೆ ಮುಖಮಾಡಿ ಹೆಜ್ಜೆಗಲ್ಲು ಮಲಗಿತ್ತು. ತಿರುಗಿಸಿದೆವು. ಸರ್ವೆ ಅಧಿಕಾರಿ ಕೂತು, ಕೊರೆದ ಅಕ್ಷರದೊಳಗೆ ಉಗುರಿನಿಂದ ಗೀರಿ ನೋಡಿದರು.

"ಅಕ್ಷರದ ಒಳಗೂ ಪಾಚಿ ಬಲಿತು ಕಲ್ಲಾಗಿದೆ. ಇದು ನಿನ್ನೆ ಮೊನ್ನೆ ಕೊರೆದದ್ದಲ್ಲ. ಎಷ್ಟು ಹಳೇದು ಅಂತ ತಜ್ಞರು ಹೇಳ್ಲಿ. ಇದ್ದ ಜಾಗದಲ್ಲೇ ಇಟ್ಟು ಬನ್ನಿ, ಅಲ್ಲೇ ನೋಡ್ತೀನಿ."

ಇಲ್ಲಿಂದ ಮುಂದೆ ಕಾರ್ಯದರ್ಶಿಗೂ ನನ್ನ ಬಾಯಲ್ಲಿ ಏಕವಚನವೇ.

"ಯಾಕೋ?" ಎಂದು ಕೇಳಿದರು ಮೇಷ್ಟ್ರು. ಅಷ್ಟೇ ಕೇಳಿದ್ದು.

ಅವನು ಮೇಷ್ಟ್ರ ಕಡೆ ನೋಡಲಿಲ್ಲ. ಮ್ಯಾನೇಜರ್ ಕಡೆ ನೋಡಿದ. "ಅತಿಥಿಗಳನ್ನ ಈ ದಾರೀಲಿ ಓಟಕ್ಕೆ ಕರ್ಕೊಂಡು ಹೋಗೋ ಕೆಲಸ ನನಗೆ, ಫೋಟೋ ಕೆಲಸ ಇವನಿಗೆ ಅಂತ ಇವರೇ ಮಾತು ಕೊಟ್ಟಿದ್ರು. ಕಲ್ಲು ಇಲ್ಲ ಅಂದ್ರೆ ಸಾಕು ಅಂದ್ರು. ದಾರಿ ಹೇಗಿದ್ರೂ ಹೋಗೋದೇ ಮೇಷ್ಟ್ರೇ. ಅಷ್ಟು ದೊಡ್ಡೋರ ಎದುರು ನಾವೇನು ಮಾಡೋಕಾಗುತ್ತೆ? ಹೋಗೋ ದಾರೀಲಿ ನಾವಾದ್ರೂ ಇರೋಣ ಅಂತ..."

"ನಾನು ಹಾಗೆಲ್ಲ ಹೇಳೇ ಇಲ್ಲ," ಎಂದ ಮ್ಯಾನೇಜರ್.

"ಠಾಣೇಲಿ ಹೇಳಿ," ಎಂದರು ಇನ್ಸ್‌ಪೆಕ್ಟರ್. "ಮೂರೂ ಜನ."

ಮೇಡಂ ಕಾರ್ಯದರ್ಶಿಯ ಎದುರು ನಿಂತರು. "ಏನು ಮಾಡೋಕಾಗುತ್ತೆ ಅಂದೆಯಲ್ಲ, ತೋರಿಸ್ತೀನಿ ನೋಡು." ಸೀಟಿ ಊದಿದರು. "ಕಲ್ಲಿಗೆ ಕೈ ಹಾಕಿ, ಎಲ್ಲರೂ! ಮೇಲಕ್ಕೆ!"

ಹಗ್ಗ ಕಟ್ಟಿ, ಹೆಗಲು ಬದಲಾಯಿಸಿಕೊಂಡು, ಬೈದುಕೊಂಡು, ನಗುತ್ತ ಹೊತ್ತೆವು. ಮೇಷ್ಟ್ರು ಮುಂದೆ ಹೆಗಲು ಕೊಟ್ಟಿದ್ದರು, ಬೇಡವೆಂದರೂ ಕೇಳಲಿಲ್ಲ. ಕೊನೆಯಲ್ಲಿ ಮೇಡಂ, ನನ್ನ ತೋಳು ಹಿಡಿದು, ಹಲ್ಲು ಕಚ್ಚಿ. ಮಂಡಿ ಕೆಟ್ಟ ಮೇಲೆ ಅವರು ಆ ಗುಡ್ಡ ಹತ್ತಿದ್ದು ಅದೇ ಮೊದಲು. ಕಲ್ಲು ತನ್ನ ಗುಂಡಿಯಲ್ಲಿ ಒಂದಿಷ್ಟೂ ಅಲುಗದೆ ಕೂತಿತು. ಅಜ್ಜಿ ದೊಡ್ಡಿಯ ಗೋಡೆಗೆ ಒರಗಿ ನೋಡುತ್ತಿದ್ದಳು.

"ಕುಂಟಿನೂ ಬಂದ್ಲಾ," ಎಂದಳು. ಅಜ್ಜಿ ಯಾರನ್ನೂ ಇದಕ್ಕಿಂತ ಹೆಚ್ಚು ಹೊಗಳಿದ್ದು ನನಗೆ ಗೊತ್ತಿಲ್ಲ.

ಮುಂದಿನ ಭಾನುವಾರ ಸೇತುವೆಯ ಗೇಟಿನಲ್ಲಿ ಹೊಸ ಮ್ಯಾನೇಜರ್ ನಿಂತಿದ್ದ. ಸರ್ವೆ ಅಧಿಕಾರಿ ಬೀಗ ಹಾಕಕೂಡದೆಂದು ಹೇಳಿ ಹೋಗಿದ್ದರು. ಆದರೂ ಅವನು ಅಡ್ಡ ಕೈ ಚಾಚಿ, "ನಿಲ್ಲಿ. ಇವತ್ತು ಧಣಿಗಳೇ ಬರ್ತಾ ಇದಾರೆ," ಎಂದ.

ನನ್ನ ಹಿಂದೆ ಹಳದಿ ಅಂಗಿಗಳು ಉಸಿರು ಬಿಡುತ್ತ ನಿಂತವು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಗೇಟು ತಳ್ಳಿದೆ.

"ಬರ್ಲಿ ಬಿಡು," ಎಂದೆ. "ಬಂದ್ರೆ ಅವನಿಗೂ ಒಂದು ಲೋಟ ನೀರು ಕೊಡ್ತೀವಿ. ಬಗ್ಗಿ ಕುಡೀಬೇಕು ಅಂತ ಹೇಳು."

ಓಡಿದೆವು.